ಹೊರಟು ನಿಂತ ಕಾಲೇಜು ಫುಟ್‌ಬಾಲ್ ಕೋಚ್ ಮೊದಲು ಯಾರಿಗೆ ಹೇಳಬೇಕು?

ಜಾಕ್ಸನ್ ನಿವಾಸಿ:

ಮಿಸಿಸಿಪ್ಪಿಗೆ ಬಂದು ಹನ್ನೊಂದು ವರ್ಷವಾಯಿತು. ಈ ಊರಿನವರು ಅಮೆರಿಕನ್ ಫುಟ್‌ಬಾಲನ್ನು ಎಷ್ಟು ಹಚ್ಚಿಕೊಂಡಿದ್ದಾರೆಂಬುದು ಇಲ್ಲಿ ಬದುಕಿದವರಿಗೇ ಗೊತ್ತು. ನನ್ನ ಮಕ್ಕಳಿಬ್ಬರೂ ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡದ ಅಂಗಿ ತೊಟ್ಟೇ ಬೆಳೆದರು. ಕಳೆದ ನವೆಂಬರ್ ಕೊನೆಯ ವಾರ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 2025ರ ನವೆಂಬರ್ 28, ಶುಕ್ರವಾರ, ಓಲ್ ಮಿಸ್ ತನ್ನ ಬದ್ಧ ಎದುರಾಳಿ ಮಿಸಿಸಿಪ್ಪಿ ಸ್ಟೇಟ್ ತಂಡವನ್ನು 38–19ರಿಂದ ಸೋಲಿಸಿತು. ಹನ್ನೊಂದು ಗೆಲುವು, ಒಂದೇ ಸೋಲು. ರಾಷ್ಟ್ರೀಯ ಪ್ರಶಸ್ತಿಗಾಗಿ ಹನ್ನೆರಡು ತಂಡಗಳು ಆಡುವ ಪ್ಲೇಆಫ್‌ಗೆ ಪ್ರವೇಶ ಖಚಿತವಾಗಿತ್ತು. ಮರುದಿನವೆಲ್ಲ ಊರಿನಲ್ಲಿ ಒಂದೇ ಮಾತು: ಕೋಚ್ ಲೇನ್ ಕಿಫಿನ್ ಉಳಿಯುತ್ತಾರೋ ಹೋಗುತ್ತಾರೋ? ಭಾನುವಾರ ಅವರು ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ, ಅಂದರೆ ಎಲ್‌ಎಸ್‌ಯುಗೆ ಹೊರಟರು. ಏಳು ವರ್ಷದ ಒಪ್ಪಂದ, ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್. ಪ್ಲೇಆಫ್ ಮುಗಿಯುವವರೆಗೂ ತಾನೇ ತಂಡವನ್ನು ನಡೆಸುತ್ತೇನೆ ಎಂದು ಅವರು ಕೇಳಿಕೊಂಡರು, ವಿಶ್ವವಿದ್ಯಾಲಯ ಒಪ್ಪಲಿಲ್ಲ. ಓಲ್ ಮಿಸ್ ಇರುವ ಆಕ್ಸ್‌ಫರ್ಡ್ ಊರಿನ ಪುಟ್ಟ ವಿಮಾನ ನಿಲ್ದಾಣದ ಬೇಲಿಯ ಹೊರಗೆ ಜನ ನಿಂತು ಕೂಗಿದರು, ಬೈದರು. ಅದೇ ದಿನ ರಕ್ಷಣಾ ವಿಭಾಗದ ಕೋಚ್ ಪೀಟ್ ಗೋಲ್ಡಿಂಗ್ ಮುಖ್ಯ ಕೋಚ್ ಆದರು.

ಕೆಲಸ ಬದಲಾಯಿಸುವುದು ಅಪರಾಧ ಎಂದು ನಾನು ಹೇಳುವುದಿಲ್ಲ. ನಾವೆಲ್ಲ ಅದನ್ನೇ ಮಾಡಿ ಇಷ್ಟು ದೂರ ಬಂದವರು. ಆದರೆ ಹದಿನೆಂಟು, ಇಪ್ಪತ್ತು ವರ್ಷದ ಹುಡುಗರನ್ನು ಅವರ ಮನೆಯ ಸೋಫಾದ ಮೇಲೆ ಕುಳಿತು, ಅವರ ತಾಯಿಯ ಕೈ ಹಿಡಿದು, 'ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ' ಎಂದು ಹೇಳಿ ಕರೆತಂದವರು ಹೊರಡುವಾಗ ಹೇಗೆ ಹೊರಡಬೇಕು? ನನಗೆ ಬೇಕಾಗಿರುವುದು ಈ ಒಂದು ಪ್ರಶ್ನೆಗೆ ಉತ್ತರ. ಸುದ್ದಿ ಹುಡುಗರಿಗೆ ಮೊದಲು ಯಾರ ಬಾಯಿಂದ ತಿಳಿಯಬೇಕು?

ಮಾರ್ಗನ್‌ಟೌನ್ ಹಳೆಯ ವಿದ್ಯಾರ್ಥಿ:

ನಿಮ್ಮ ನೋವು ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2007ರಲ್ಲಿ ನಾನು ಮಾರ್ಗನ್‌ಟೌನ್‌ನ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡುತ್ತಿದ್ದೆ. ಡಿಸೆಂಬರ್ 1ರ ರಾತ್ರಿ ಪಿಟ್ಸ್‌ಬರ್ಗ್ ವಿರುದ್ಧ ಗೆದ್ದಿದ್ದರೆ ನಮ್ಮ ತಂಡ ರಾಷ್ಟ್ರೀಯ ಫೈನಲ್‌ಗೆ ಹೋಗುತ್ತಿತ್ತು. ಸ್ವಂತ ಮೈದಾನದಲ್ಲಿ 13–9ರಿಂದ ಸೋತೆವು. ಎದುರಾಳಿ ಆ ಋತುವಿನಲ್ಲಿ ನಾಲ್ಕೇ ಪಂದ್ಯ ಗೆದ್ದು ಬಂದಿದ್ದ ತಂಡ. ನಾವು ಐದು ಜನ ಬಾಡಿಗೆ ಮನೆಯಲ್ಲಿ ಟಿವಿ ಮುಂದೆ ಕುಳಿತವರು ಪಂದ್ಯ ಮುಗಿದು ಅರ್ಧ ಗಂಟೆಯಾದರೂ ಎದ್ದಿರಲಿಲ್ಲ. ಮಾಡಿಟ್ಟ ಅನ್ನ ಒಲೆಯ ಮೇಲೇ ತಣ್ಣಗಾಯಿತು.

ಎರಡು ವಾರ ಕಳೆಯುತ್ತಿದ್ದಂತೆ ಕೋಚ್ ರಿಚ್ ರಾಡ್ರಿಗಸ್ ಮಿಶಿಗನ್‌ಗೆ ಹೊರಟರು. ಅವರು ವೆಸ್ಟ್ ವರ್ಜೀನಿಯಾದಲ್ಲೇ ಬೆಳೆದವರು, ನಮ್ಮ ವಿಶ್ವವಿದ್ಯಾಲಯಕ್ಕೇ ಆಡಿದವರು. ಹೊರಗಿನವನು ಬಿಟ್ಟು ಹೋದರೆ ಊರಿಗೆ ಸಿಟ್ಟು ಬರುತ್ತದೆ, ಮನೆ ಮಗನೇ ಹೋದರೆ ಊರು ಅಳುತ್ತದೆ. ನಾನು ಅಂದು ಎರಡನ್ನೂ ನೋಡಿದೆ. ಒಪ್ಪಂದ ಮುರಿದದ್ದಕ್ಕೆ 40 ಲಕ್ಷ ಡಾಲರ್ ಕೊಡಬೇಕಿತ್ತು. ಅದು ಕೋರ್ಟಿಗೂ ಹೋಯಿತು. ಕೊನೆಗೆ 2008ರಲ್ಲಿ ಮಿಶಿಗನ್ 25 ಲಕ್ಷ, ರಾಡ್ರಿಗಸ್ 15 ಲಕ್ಷ ಎಂದು ಇತ್ಯರ್ಥವಾಯಿತು.

ಆದರೆ ನಾನು ಹೇಳಬೇಕೆಂದಿರುವುದು ಹಣದ ವಿಷಯವಲ್ಲ. ಅನಾಥವಾಗಿದ್ದ ಆ ತಂಡವನ್ನು ಸಹಾಯಕ ಕೋಚ್ ಬಿಲ್ ಸ್ಟೂವರ್ಟ್ ಕೈಗೆತ್ತಿಕೊಂಡರು. ಜನವರಿ 2ರಂದು ಫಿಯೆಸ್ಟಾ ಬೌಲ್‌ನಲ್ಲಿ (ಬೌಲ್ ಎಂದರೆ ಋತುವಿನ ಕೊನೆಯಲ್ಲಿ ಆಡುವ ದೊಡ್ಡ ಪಂದ್ಯ) ಒಕ್ಲಹೋಮಾವನ್ನು 48–28ರಿಂದ ಮಣಿಸಿದರು. ಗೆಲ್ಲುತ್ತೇವೆ ಎಂದು ಯಾರೂ ಎಣಿಸಿರಲಿಲ್ಲ. ಮರುದಿನವೇ ಅವರನ್ನು ಮುಖ್ಯ ಕೋಚ್ ಮಾಡಿದರು. ಆ ರಾತ್ರಿ ಆ ಹುಡುಗರು ಆಡಿದ ರೀತಿ ಬೇರೆಯೇ ಆಗಿತ್ತು. ಬಿಟ್ಟು ಹೋದವರ ಮೇಲಿನ ಸಿಟ್ಟಿಗಿಂತ, ಜೊತೆಗೆ ನಿಂತವರ ಮೇಲಿನ ಪ್ರೀತಿಯೇ ಅವರನ್ನು ಓಡಿಸಿತು ಎಂದು ಇಂದಿಗೂ ನಂಬುತ್ತೇನೆ.

ಡಲ್ಲಾಸ್‌ಗೆ ಹೊಸಬ:

ನಾನು ಈ ದೇಶಕ್ಕೆ ಬಂದು ಒಂದೂವರೆ ವರ್ಷವಷ್ಟೇ. ಒಂದು ಸಂದೇಹ. ಪ್ಲೇಆಫ್ ಜನವರಿಯಲ್ಲಿ ಮುಗಿಯುತ್ತದೆ. ಹೊಸ ಕೆಲಸವೂ ಒಂದೂವರೆ ತಿಂಗಳು ಕಾಯಬಹುದಲ್ಲವೇ? ಮದುವೆ ಚಪ್ಪರದ ಕೆಳಗೆ ಊಟ ಬಡಿಸುವ ಹೊತ್ತಿಗೇ ಅಡುಗೆಯವರು ಎದ್ದು ಹೋದ ಹಾಗೆ ಕಾಣುತ್ತದೆ. ಇಷ್ಟು ಆತುರ ಏಕೆ?

ಪಾಠ ಹೇಳುವವಳು:

ಡಲ್ಲಾಸ್ ಅವರೇ, ಒಳ್ಳೆಯ ಪ್ರಶ್ನೆ. ನಾನು ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕ್ರೀಡಾಪಟುಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟಿದ್ದೇನೆ. ಆತುರಕ್ಕೆ ಕಾರಣ ಕ್ಯಾಲೆಂಡರ್. ಪ್ರೌಢಶಾಲೆ ಮುಗಿಸುವ ಆಟಗಾರರು ಯಾವ ಕಾಲೇಜಿಗೆ ಸೇರುತ್ತೇವೆ ಎಂದು ಸಹಿ ಹಾಕುವ ಮೊದಲ ಅವಧಿ ಈಗ ಡಿಸೆಂಬರ್ ಮೊದಲ ಬುಧವಾರ ಆರಂಭವಾಗುತ್ತದೆ. 2025ರಲ್ಲಿ ಅದು ಡಿಸೆಂಬರ್ 3. ಕಿಫಿನ್ ಹೊರಟದ್ದು ನವೆಂಬರ್ 30. ಮೂರೇ ದಿನದ ಅಂತರ. ಆ ಹೊತ್ತಿಗೆ ಮುಖ್ಯ ಕೋಚ್ ಇಲ್ಲದ ಕಾಲೇಜಿಗೆ ಯಾವ ಹುಡುಗ ತಾನೇ ಸಹಿ ಹಾಕುತ್ತಾನೆ? ಅದರ ಬೆನ್ನಿಗೇ ಜನವರಿ 2ರಿಂದ 16ರವರೆಗೆ ಟ್ರಾನ್ಸ್‌ಫರ್ ಪೋರ್ಟಲ್. ಅಂದರೆ ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರು ಹೆಸರು ಕೊಡುವ ಅವಧಿ. ರಾಷ್ಟ್ರೀಯ ಫೈನಲ್ ಇದ್ದದ್ದು ಜನವರಿ 19ಕ್ಕೆ. ಅಂಗಡಿ ಬಾಗಿಲು ಹಾಕಿದ ಮೇಲೆ ಸಂತೆಗೆ ಬಂದರೆ ಏನು ಸಿಗುತ್ತದೆ? ಕೋಚ್ ಬೇಕಾದ ವಿಶ್ವವಿದ್ಯಾಲಯ ಅದಕ್ಕೇ ಕಾಯುವುದಿಲ್ಲ.

ಇದು ವಿವರಣೆ ಮಾತ್ರ. ಕ್ಯಾಲೆಂಡರ್ ಕೆಟ್ಟದ್ದು ಎಂದ ಮಾತ್ರಕ್ಕೆ ಹುಡುಗರಿಗೆ ಹೇಳದೆ ಹೋಗುವುದು ಸರಿಯಾಗುವುದಿಲ್ಲ. ಅದಕ್ಕೆ ನಾನೇ ಕಂಡ ಒಂದು ಸಂಗತಿ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ.

ಸೆಮಿಸ್ಟರ್ ಪರೀಕ್ಷೆಗೆ ಐದು ದಿನವಿತ್ತು. ಸಂಜೆ ಆರರ ಹೊತ್ತು. ಮೊದಲ ವರ್ಷದ ಹುಡುಗನೊಬ್ಬ ನನ್ನೆದುರು ಕುಳಿತು ಪ್ರಮಾಣ ವಿಚಲನೆಯ ಲೆಕ್ಕ ಮಾಡುತ್ತಿದ್ದ. ಆರಡಿ ಐದಂಗುಲದ ಆಳು, ಪೆನ್ಸಿಲ್ ಅವನ ಬೆರಳುಗಳ ನಡುವೆ ಕಾಣುತ್ತಲೇ ಇರಲಿಲ್ಲ. ಮೇಜಿನ ಮೇಲೆ ಮಗುಚಿಟ್ಟ ಮೊಬೈಲ್ ಒಮ್ಮೆ ನಡುಗಿತು, ಮತ್ತೊಮ್ಮೆ ನಡುಗಿತು, ಆಮೇಲೆ ನಿಲ್ಲಲೇ ಇಲ್ಲ. ಅದೇ ಕ್ಷಣ ಸುತ್ತಲಿನ ಏಳೆಂಟು ಮೇಜುಗಳಲ್ಲೂ ಅದೇ ಸದ್ದು. ಯಾವನೋ ವರದಿಗಾರ ಎರಡು ಸಾಲು ಬರೆದಿದ್ದ. ಹುಡುಗ ಅದನ್ನು ಓದಿ ನನ್ನ ಕಡೆ ತಿರುಗಿಸಿ, 'ಮೇಡಂ, ಇದು ನಿಜವೇ?' ಎಂದು ಕೇಳಿದ. ನನ್ನನ್ನು! ಲೆಕ್ಕ ಹೇಳಿಕೊಡುವವಳನ್ನು! ಅವನನ್ನು ಎರಡು ಸಾವಿರ ಮೈಲಿ ದೂರದಿಂದ ಕರೆತಂದ ಮನುಷ್ಯ ಆಗ ವಿಮಾನದಲ್ಲಿದ್ದರು. ಹುಡುಗ ಪುಸ್ತಕ ಮುಚ್ಚಲಿಲ್ಲ. ಮುಂದಿನ ಲೆಕ್ಕ ಬರೆಯುತ್ತಾ ಹೋದ, ಉತ್ತರವೆಲ್ಲ ತಪ್ಪು. ನಾನು ತಿದ್ದಲಿಲ್ಲ.

ಕೊಲಂಬಸ್‌ನಿಂದ:

ಮೇಡಂ, ನೀವು ಹೇಳಿದ್ದು ಓದಿ ಸಂಕಟವಾಯಿತು. ಆದರೂ ಕೋಚ್‌ಗಳ ಪರವಾಗಿ ನಾಲ್ಕು ಮಾತು ಹೇಳಲೇಬೇಕು, ಇಲ್ಲದಿದ್ದರೆ ಇದು ಒಮ್ಮುಖ ವಿಚಾರಣೆಯಾಗುತ್ತದೆ.

ಕಿಫಿನ್ ಹೋಗಿ ಕುಳಿತ ಎಲ್‌ಎಸ್‌ಯು ಕುರ್ಚಿ ಖಾಲಿಯಾದದ್ದು ಹೇಗೆ? ಅಕ್ಟೋಬರ್ 25ರ ರಾತ್ರಿ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 49–25ರ ಸೋಲು, ಮರುದಿನ ಕೋಚ್ ಬ್ರಯಾನ್ ಕೆಲಿಯನ್ನು ತೆಗೆದುಹಾಕಿದರು. ಋತುವಿನ ನಡುವೆ! ಅಂದು ಹುಡುಗರ ಗತಿ ಏನು ಎಂದು ಯಾವ ವಿಶ್ವವಿದ್ಯಾಲಯವೂ ಕೇಳಲಿಲ್ಲ. 2023ರ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಶರ್‌ರನ್ನು ಟೆಕ್ಸಾಸ್ ಎ ಅಂಡ್ ಎಂ ತೆಗೆದಾಗ 7.5 ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾಯಿತು. ಆಗಲೂ ಇನ್ನೂ ಎರಡು ಪಂದ್ಯ ಬಾಕಿಯಿತ್ತು. ಆಡಳಿತ ಮಂಡಳಿ ಇಷ್ಟು ನಿರ್ದಾಕ್ಷಿಣ್ಯವಾಗಿ ನಡೆದುಕೊಳ್ಳುವಾಗ, ಕೋಚ್ ಮಾತ್ರ ಋಷಿಯಂತೆ ಇರಬೇಕು ಎನ್ನುವುದು ನ್ಯಾಯವೇ?

ಇನ್ನೊಂದು ವಿಷಯ. ಮಾತುಕತೆ ನಡೆಯುವಾಗ ಬಾಯಿ ಬಿಡಬೇಡಿ ಎಂದು ವಕೀಲರೂ ಏಜೆಂಟರೂ ಹೇಳಿರುತ್ತಾರೆ. ಸಹಿ ಬೀಳುವ ಮುನ್ನ ನೂರು ಹುಡುಗರ ಮುಂದೆ 'ಹೋಗುತ್ತಿದ್ದೇನೆ' ಎಂದರೆ ಎರಡು ನಿಮಿಷದಲ್ಲಿ ದೇಶಕ್ಕೆಲ್ಲ ಗೊತ್ತಾಗುತ್ತದೆ. ಆಮೇಲೆ ಒಪ್ಪಂದ ಮುರಿದುಬಿದ್ದರೆ? ಅತ್ತ ದರಿ, ಇತ್ತ ಪುಲಿ.

ಜಾಕ್ಸನ್ ನಿವಾಸಿ:

ಕೊಲಂಬಸ್ ಅವರೇ, ವಿಶ್ವವಿದ್ಯಾಲಯಗಳ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಬಳಿ ಎದುರುತ್ತರವಿಲ್ಲ, ಒಪ್ಪುತ್ತೇನೆ. ಆದರೆ ಸುಮ್ಮನಿರುವುದು ಒಂದು, ಸುಳ್ಳು ಹೇಳುವುದು ಇನ್ನೊಂದು.

2006ರ ಡಿಸೆಂಬರ್‌ನಲ್ಲಿ ನಿಕ್ ಸೇಬನ್ ಮಯಾಮಿ ಡಾಲ್ಫಿನ್ಸ್ ಎಂಬ ವೃತ್ತಿಪರ ತಂಡದ ಕೋಚ್. ತಾನು ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ಆಗುವುದಿಲ್ಲ ಎಂದು ಮೈಕಿನ ಮುಂದೆ ಹೇಳಿದರು. ಎರಡು ವಾರ ಕಳೆಯುವಷ್ಟರಲ್ಲಿ ಅಲಬಾಮಾಕ್ಕೆ ಹೋದರು. ಅಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮಹಾನ್ ಕೋಚ್ ಅವರು, ನಿಜ. ಆದರೂ ಆ ಒಂದು ವಾಕ್ಯ ಇಂದಿಗೂ ಅವರನ್ನು ಬಿಟ್ಟಿಲ್ಲ. ನಮ್ಮ ಓಲ್ ಮಿಸ್‌ನಲ್ಲೇ 1998ರಲ್ಲಿ ಕೋಚ್ ಟಾಮಿ ಟ್ಯೂಬರ್‌ವಿಲ್, ತನ್ನನ್ನು ಇಲ್ಲಿಂದ ಶವಪೆಟ್ಟಿಗೆಯಲ್ಲೇ ಹೊತ್ತೊಯ್ಯಬೇಕು ಎಂದಿದ್ದರು. ಕೆಲವೇ ದಿನಗಳಲ್ಲಿ ಆಬರ್ನ್‌ಗೆ ಹೊರಟರು. ಇಲ್ಲಿನ ಹಿರಿಯರು ಅದನ್ನು ಈಗಲೂ ಮೊನ್ನೆ ನಡೆದದ್ದು ಎಂಬಂತೆ ಹೇಳುತ್ತಾರೆ.

'ಈಗ ಏನೂ ಹೇಳಲಾರೆ, ಹೇಳುವ ಸಮಯ ಬಂದಾಗ ಮೊದಲು ನಿಮಗೇ ಹೇಳುತ್ತೇನೆ' ಎಂದು ತಂಡಕ್ಕೆ ಹೇಳಲು ಯಾವ ವಕೀಲರ ಅಡ್ಡಿಯೂ ಇಲ್ಲ. ಸಹಿ ಹಾಕಿದ ಮೇಲೆ ವಿಮಾನ ಹತ್ತುವ ಮುನ್ನ ಒಂದು ಗಂಟೆ ಸಾಕು. ಬ್ರಯಾನ್ ಕೆಲಿ 2021ರಲ್ಲಿ ನೋಟರ್ ಡೇಮ್ ಬಿಟ್ಟದ್ದು ನೆನಪಿದೆಯೇ? ಸೋಮವಾರ ರಾತ್ರಿ ಸುದ್ದಿ ಹೊರಬಿತ್ತು. ಹುಡುಗರು ಅದನ್ನು ಮೊಬೈಲ್‌ನಲ್ಲಿ ಓದಿ ತಿಳಿದರು. ಕೆಲಿ ಕ್ಷಮೆ ಕೇಳಿ ಸಂದೇಶ ಕಳಿಸಿ, ಮರುದಿನ ಬೆಳಿಗ್ಗೆ ಏಳಕ್ಕೆ ಸಭೆ ಕರೆದರು. ಕೆಲವೇ ನಿಮಿಷದಲ್ಲಿ ಸಭೆ ಮುಗಿಯಿತು. ಹನ್ನೆರಡು ವರ್ಷ ಕಟ್ಟಿದ ಮನೆಯಿಂದ ಹೊರಡಲು ಕೆಲವೇ ನಿಮಿಷ! ತಂಡ ಆಗ ಹನ್ನೊಂದು ಪಂದ್ಯ ಗೆದ್ದಿತ್ತು, ಪ್ಲೇಆಫ್ ಆಸೆ ಇನ್ನೂ ಉಳಿದಿತ್ತು.

ವೃತ್ತಿಪರ ತಂಡದ ಇನ್ನೊಂದು ಉದಾಹರಣೆಯನ್ನೂ ಹೇಳಿಬಿಡುತ್ತೇನೆ. 2007ರ ಡಿಸೆಂಬರ್‌ನಲ್ಲಿ ಬಾಬಿ ಪೆಟ್ರಿನೊ ಅಟ್ಲಾಂಟಾ ಫಾಲ್ಕನ್ಸ್ ತಂಡವನ್ನು ಮೂರು ಪಂದ್ಯ ಬಾಕಿ ಇರುವಾಗಲೇ ಬಿಟ್ಟು ಅರ್ಕನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಆಟಗಾರರಿಗೆ ಸಿಕ್ಕಿದ್ದು ಲಾಕರ್‌ನಲ್ಲಿಟ್ಟ ನಾಲ್ಕು ಸಾಲಿನ ಚೀಟಿ.

ಆಟಗಾರನ ತಾಯಿ:

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ಇಂದು ಬರೆಯುತ್ತೇನೆ. ನೀವೆಲ್ಲ ಮುಖ್ಯ ಕೋಚ್‌ಗಳ ಬಗ್ಗೆ ಮಾತನಾಡುತ್ತಿದ್ದೀರಿ. ಅವರ ಹಿಂದೆ ಇರುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನನ್ನ ಮಗ ಒಂದು ಸಣ್ಣ ವಿಶ್ವವಿದ್ಯಾಲಯದ ತಂಡದಲ್ಲಿದ್ದಾನೆ. ಲಾಂಗ್ ಸ್ನ್ಯಾಪರ್. ಬಗ್ಗಿ ನಿಂತು ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹದಿನೈದು ಗಜ ಹಿಂದೆ ನಿಂತವನ ಕೈಗೆ ಎಸೆಯುವ ಕೆಲಸ. ಸರಿಯಾಗಿ ಮಾಡಿದರೆ ಯಾರಿಗೂ ಅವನ ಹೆಸರು ಗೊತ್ತಾಗುವುದಿಲ್ಲ. ಒಂದು ಬಾರಿ ತಪ್ಪಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಸ್ಕಾಲರ್‌ಶಿಪ್ ಇಲ್ಲ, ಶುಲ್ಕ ನಾವೇ ಕಟ್ಟುತ್ತೇವೆ. ನಮ್ಮ ನೆಂಟರಿಗೆ ಇದು ಏನೆಂದೇ ಇನ್ನೂ ಅರ್ಥವಾಗಿಲ್ಲ. ಅವನಿಗೆ ಮಾತ್ರ ಅದೇ ಉಸಿರು.

ಅವನ ಎರಡನೆಯ ವರ್ಷದ ಕೊನೆಯಲ್ಲಿ ಮುಖ್ಯ ಕೋಚ್ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದರು. ತಂಡಕ್ಕೆ ಬಂದದ್ದು ಒಂದು ಮೊಬೈಲ್ ಸಂದೇಶ, ಅದೂ ಸುದ್ದಿಯಾದ ನಲವತ್ತು ನಿಮಿಷದ ನಂತರ. ಮಗ ಫೋನ್ ಮಾಡಿದ. 'ಅಮ್ಮ, ಕೋಚ್ ಹೋದರು' ಎಂದವನು ಆಮೇಲೆ ಮಾತನಾಡಲಿಲ್ಲ. ನಾನೂ ಫೋನ್ ಇಡಲಿಲ್ಲ, ಅವನ ಉಸಿರು ಕೇಳುತ್ತಾ ಕುಳಿತೆ.

ಆ ರಾತ್ರಿ ಹತ್ತು ಗಂಟೆಗೆ ಅವನ ಹಾಸ್ಟೆಲ್ ಕೋಣೆಯ ಬಾಗಿಲು ಬಡಿದ ಸದ್ದಾಯಿತಂತೆ. ಅವನಿಗೆ ಎರಡು ವರ್ಷ ಕಲಿಸಿದ ಸಹಾಯಕ ಕೋಚ್ ಹೊರಗೆ ನಿಂತಿದ್ದರು. ಮಂಜಿನಲ್ಲಿ ನಡೆದು ಬಂದಿದ್ದರು, ಟೋಪಿಯ ಮೇಲೆ ಇನ್ನೂ ಮಂಜು ಇತ್ತಂತೆ. ತನ್ನ ಕೈಕೆಳಗಿನ ಹನ್ನೊಂದು ಹುಡುಗರ ಬಾಗಿಲಿಗೂ ಒಂದೊಂದಾಗಿ ಹೋದರು. ಅವರನ್ನು ಮುಖ್ಯ ಕೋಚ್ ಜೊತೆಗೆ ಕರೆದುಕೊಂಡಿರಲಿಲ್ಲ. ಬರುವ ಕೋಚ್ ಇಟ್ಟುಕೊಳ್ಳುವ ಭರವಸೆಯೂ ಇರಲಿಲ್ಲ. ಅವರ ಹೆಂಡತಿಗೆ ಏಳು ತಿಂಗಳು, ದೊಡ್ಡ ಮಗಳು ಆ ಊರಿನ ಶಾಲೆಯಲ್ಲಿ ಎರಡನೆಯ ತರಗತಿ. ಅಷ್ಟೆಲ್ಲ ತಲೆಯ ಮೇಲಿದ್ದರೂ ಆ ಮನುಷ್ಯ ನನ್ನ ಮಗನ ಹಾಸಿಗೆಯ ತುದಿಯಲ್ಲಿ ಕುಳಿತು, 'ನಿನ್ನ ತಪ್ಪು ಇದರಲ್ಲಿ ಏನೂ ಇಲ್ಲ. ಪರೀಕ್ಷೆ ಬರೆ. ಹೊಸಬರು ಬಂದಾಗ ಮೊದಲ ದಿನವೇ ಹೋಗಿ ನಿನ್ನ ಹೆಸರು ಹೇಳು' ಎಂದರು. ಕಾಲೇಜು ಕೊಟ್ಟ ಮೊಬೈಲನ್ನು ಅವರು ಹಿಂದಿರುಗಿಸಬೇಕಾಗಬಹುದಿತ್ತು. ಅಭ್ಯಾಸದ ವೇಳಾಪಟ್ಟಿಯ ಹಾಳೆ ಹರಿದು ಅದರ ಹಿಂಬದಿಯಲ್ಲಿ ತಮ್ಮ ಸ್ವಂತ ನಂಬರ್ ಬರೆದು ಕೊಟ್ಟರು.

ಮುಖ್ಯ ಕೋಚ್ ಹೋಗಿದ್ದಕ್ಕೆ ನನಗೆ ಈಗ ಸಿಟ್ಟಿಲ್ಲ. ಅವರಿಗೂ ಸಂಸಾರವಿದೆ. ಆದರೆ ಏನೂ ಇಲ್ಲದ ಸಹಾಯಕ ಕೋಚ್ ಹನ್ನೊಂದು ಬಾಗಿಲು ಬಡಿಯಬಹುದಾದರೆ, ಎಲ್ಲವೂ ಇರುವವರು ಒಂದು ಸಭೆ ಕರೆಯಲಾರರೇ?

ಮಾರ್ಗನ್‌ಟೌನ್ ಹಳೆಯ ವಿದ್ಯಾರ್ಥಿ:

ಅಮ್ಮ, ಎರಡು ಸಲ ಓದಿದೆ. ಆ ಸಹಾಯಕ ಕೋಚ್ ಎಲ್ಲಿದ್ದರೂ ಚೆನ್ನಾಗಿರಲಿ.

ಡಲ್ಲಾಸ್‌ಗೆ ಹೊಸಬ:

ಹಾಗಾದರೆ ಇದನ್ನು ಸರಿಯಾಗಿ ಮಾಡಿದ ಮುಖ್ಯ ಕೋಚ್‌ಗಳೇ ಇಲ್ಲವೇ?

ಪಾಠ ಹೇಳುವವಳು:

ಇದ್ದಾರೆ. 2025ರ ಋತುವಿನಲ್ಲೇ ಇಬ್ಬರು. ಟ್ಯುಲೇನ್‌ನ ಜಾನ್ ಸಮ್ರಾಲ್ ಫ್ಲೋರಿಡಾದ ಕೆಲಸ ಒಪ್ಪಿಕೊಂಡರು, ಜೇಮ್ಸ್ ಮ್ಯಾಡಿಸನ್‌ನ ಬಾಬ್ ಚೆಸ್ನಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಕೆಲಸ ಒಪ್ಪಿಕೊಂಡರು. ಇಬ್ಬರೂ ತಮ್ಮ ಹಳೆಯ ತಂಡವನ್ನು ಪ್ಲೇಆಫ್‌ನಲ್ಲಿ ಕೊನೆಯವರೆಗೂ ನಡೆಸಿದರು. ಎರಡೂ ತಂಡಗಳು ಮೊದಲ ಸುತ್ತಿನಲ್ಲೇ ಸೋತವು, ಆದರೆ ತಮ್ಮ ಕೋಚ್ ಜೊತೆಗೇ ಸೋತವು.

ವಿಧಿಯ ಆಟ ನೋಡಿ. ಡಿಸೆಂಬರ್ 20ರಂದು ಆಕ್ಸ್‌ಫರ್ಡ್‌ನಲ್ಲಿ ಟ್ಯುಲೇನ್ ಆಡಿದ್ದು ಓಲ್ ಮಿಸ್ ವಿರುದ್ಧವೇ. ಒಂದು ಬದಿಯಲ್ಲಿ ಬೇರೆ ಕೆಲಸ ಒಪ್ಪಿಕೊಂಡೂ ಉಳಿದ ಕೋಚ್, ಇನ್ನೊಂದು ಬದಿಯಲ್ಲಿ ಕೋಚ್ ಬಿಟ್ಟು ಹೋದ ತಂಡ. ಓಲ್ ಮಿಸ್ 41–10ರಿಂದ ಗೆದ್ದಿತು.

ಹಿಂದಿನದ್ದು ಬೇಕೆಂದರೆ 2017ರ ಸೆಂಟ್ರಲ್ ಫ್ಲೋರಿಡಾ. ಸ್ಕಾಟ್ ಫ್ರಾಸ್ಟ್ ಡಿಸೆಂಬರ್ ಆರಂಭದಲ್ಲೇ ನೆಬ್ರಾಸ್ಕಾಗೆ ಒಪ್ಪಿದ್ದರು. ಆದರೂ ಹಿಂದಿರುಗಿ ಬಂದು ಜನವರಿ 1ರ ಪೀಚ್ ಬೌಲ್‌ನಲ್ಲಿ ಆಬರ್ನ್ ವಿರುದ್ಧ ತಂಡವನ್ನು 34–27ರಿಂದ ಗೆಲ್ಲಿಸಿದರು. 13 ಪಂದ್ಯ, 13 ಗೆಲುವು. 2022ರಲ್ಲಿ ಡಿಯಾನ್ ಸ್ಯಾಂಡರ್ಸ್ ಜಾಕ್ಸನ್ ಸ್ಟೇಟ್ ಬಿಟ್ಟು ಕೊಲೊರಾಡೊಗೆ ಹೊರಟಾಗಲೂ ಚಾಂಪಿಯನ್‌ಶಿಪ್ ಗೆದ್ದ ರಾತ್ರಿಯೇ ಹುಡುಗರನ್ನು ಕೂರಿಸಿಕೊಂಡು ತಾವೇ ಹೇಳಿದರು, ಆಮೇಲೆ ಕೊನೆಯ ಬೌಲ್ ಪಂದ್ಯವನ್ನೂ ನಡೆಸಿದರು. ಅವರು ಹೋದದ್ದು ಕಪ್ಪು ಜನರ ಐತಿಹಾಸಿಕ ಕಾಲೇಜುಗಳನ್ನು ಪ್ರೀತಿಸುವವರಿಗೆ ಬಹಳ ನೋವು ಕೊಟ್ಟಿತು. ಆ ಚರ್ಚೆ ಬೇರೆ. ಹೇಳಿದ ಕ್ರಮದಲ್ಲಿ ಮಾತ್ರ ನನಗೆ ಕೊರತೆ ಕಾಣುವುದಿಲ್ಲ.

ಕೊಲಂಬಸ್‌ನಿಂದ:

ಸಮ್ರಾಲ್ ಉಳಿದರು, ಕಿಫಿನ್ ಉಳಿಯಲಿಲ್ಲ ಎಂದು ಹೋಲಿಸುವಾಗ ಒಂದು ವ್ಯತ್ಯಾಸ ಗಮನಿಸಬೇಕು. ಟ್ಯುಲೇನ್ ಮತ್ತು ಫ್ಲೋರಿಡಾ ಬೇರೆ ಬೇರೆ ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಬೇರೆ ಬೇರೆ ಗುಂಪು. ಓಲ್ ಮಿಸ್ ಮತ್ತು ಎಲ್‌ಎಸ್‌ಯು ಒಂದೇ ಕಾನ್ಫರೆನ್ಸ್, ಹಳೆಯ ಹಗೆ, ಒಂದೇ ಊರುಗಳಲ್ಲಿ ಒಂದೇ ಹುಡುಗರಿಗಾಗಿ ಬಲೆ ಬೀಸುವವರು. ಬೆಳಿಗ್ಗೆ ಓಲ್ ಮಿಸ್ ಅಭ್ಯಾಸ ನಡೆಸಿ ಸಂಜೆ ಅದೇ ಹುಡುಗರ ಗೆಳೆಯರನ್ನು ಎಲ್‌ಎಸ್‌ಯುಗೆ ಕರೆಯುವವರನ್ನು ಒಳಗಿಟ್ಟುಕೊಳ್ಳುವುದು ಹೇಗೆ? ಆ ದಿನ ವಿಶ್ವವಿದ್ಯಾಲಯ ಬಾಗಿಲು ಹಾಕಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಹಳೆಯ ನಿದರ್ಶನ ಬ್ಯಾಸ್ಕೆಟ್‌ಬಾಲ್‌ನಲ್ಲಿದೆ. 1989ರಲ್ಲಿ ಮಿಶಿಗನ್ ತಂಡದ ಕೋಚ್ ಬಿಲ್ ಫ್ರೀಡರ್ ರಾಷ್ಟ್ರೀಯ ಟೂರ್ನಿ ಆರಂಭವಾಗುವ ಮುನ್ನವೇ ಅರಿಜೋನಾ ಸ್ಟೇಟ್ ಕೆಲಸ ಒಪ್ಪಿಕೊಂಡರು. ಟೂರ್ನಿ ಮುಗಿಸಿ ಹೋಗುತ್ತೇನೆ ಎಂದರು. ಆಗ ಕ್ರೀಡಾ ನಿರ್ದೇಶಕರಾಗಿದ್ದವರು ಫುಟ್‌ಬಾಲ್ ಕೋಚ್ ಬೋ ಶೆಂಬೆಕ್ಲರ್. ಮಿಶಿಗನ್‌ಗೆ ಮಿಶಿಗನ್‌ನವನೇ ಕೋಚ್ ಆಗಿರಬೇಕು ಎಂದು ಹೇಳಿ ಅವರನ್ನು ಕೂಡಲೇ ಬಿಡುಗಡೆ ಮಾಡಿ, ಸಹಾಯಕ ಸ್ಟೀವ್ ಫಿಶರ್ ಕೈಗೆ ತಂಡ ಕೊಟ್ಟರು. ಸತತ ಆರು ಪಂದ್ಯ ಗೆದ್ದು ರಾಷ್ಟ್ರೀಯ ಪ್ರಶಸ್ತಿ ತಂದರು. ನಾನು ಓಹಾಯೋದವನು, ಮಿಶಿಗನ್ ಹೊಗಳುವುದು ಸುಲಭವಲ್ಲ. ಆದರೂ ಅಂದು ಶೆಂಬೆಕ್ಲರ್ ತೋರಿದ ಗಟ್ಟಿತನ ನನಗೆ ಇಷ್ಟ.

ಸಿಯಾಟಲ್ ಮಳೆ:

ನಮ್ಮ ಕಡೆಯ ಕತೆಯನ್ನೂ ಸೇರಿಸಿಕೊಳ್ಳಿ. 2024ರ ಜನವರಿ 8, ಸೋಮವಾರ, ನಮ್ಮ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಹ್ಯೂಸ್ಟನ್‌ನಲ್ಲಿ ರಾಷ್ಟ್ರೀಯ ಫೈನಲ್ ಆಡಿತು. ಅದುವರೆಗೆ ಸೋಲೇ ಕಂಡಿರದ ತಂಡ ಮಿಶಿಗನ್‌ಗೆ 34–13ರಿಂದ ಶರಣಾಯಿತು. ಬುಧವಾರ ಅಲಬಾಮಾದಲ್ಲಿ ಸೇಬನ್ ನಿವೃತ್ತಿ ಘೋಷಿಸಿದರು. ಶುಕ್ರವಾರ ನಮ್ಮ ಕೋಚ್ ಕೇಲನ್ ಡಿಬೋರ್ ಅಲಬಾಮಾದವರಾದರು. ಸೋಲಿನ ನೋವೇ ಆರಿರಲಿಲ್ಲ.

ಆಮೇಲೆ ಏನಾಯಿತು ನೋಡಿ. ನಮ್ಮ ವಾಷಿಂಗ್ಟನ್ ಅರಿಜೋನಾದಿಂದ ಜೆಡ್ ಫಿಶ್ ಅವರನ್ನು ಕರೆತಂದಿತು. ಅರಿಜೋನಾ ಸ್ಯಾನ್ ಹೋಸೆ ಸ್ಟೇಟ್‌ನಿಂದ ಬ್ರೆಂಟ್ ಬ್ರೆನನ್ ಅವರನ್ನು ಕರೆತಂದಿತು. ಅಲಬಾಮಾದ ಒಬ್ಬ ಎಪ್ಪತ್ತೆರಡು ವರ್ಷದ ಹಿರಿಯರು ವಿಶ್ರಾಂತಿ ಬಯಸಿದ್ದಕ್ಕೆ ಒಂದೇ ವಾರದಲ್ಲಿ ಸಿಯಾಟಲ್, ಅರಿಜೋನಾದ ಟೂಸಾನ್, ಸ್ಯಾನ್ ಹೋಸೆಯ ಹುಡುಗರೆಲ್ಲ ಕೋಚ್ ಇಲ್ಲದವರಾದರು. ನಾವು ಅರಿಜೋನಾದವರಿಗೆ ಮಾಡಿದ್ದು ಅಲಬಾಮಾ ನಮಗೆ ಮಾಡಿದ್ದನ್ನೇ. ಆ ವಾರ ಅಲಬಾಮಾವನ್ನು ಬೈದ ನನ್ನ ಗೆಳೆಯರು ಮರುವಾರ ಫಿಶ್ ಬಂದಾಗ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಟೂಸಾನ್‌ನಲ್ಲಿರುವ ನನ್ನ ತಂಗಿಯ ಮಗ ಅಂದು ರಾತ್ರಿ ಫೋನ್ ಮಾಡಿ, 'ಮಾವ, ನಿಮ್ಮವರು ನಮ್ಮವರನ್ನು ಕರೆದುಕೊಂಡು ಹೋದರು' ಎಂದ. ಆಗ ಕೈ ತಡೆಯಿತು.

ಪಾಠ ಹೇಳುವವಳು:

ಆಟಗಾರರು ಈಗ ಹಿಂದಿನಷ್ಟು ಕೈಕಟ್ಟಿ ನಿಂತಿಲ್ಲ ಎಂಬುದನ್ನೂ ಹೇಳಬೇಕು. ಹಿಂದೆ ಕಾಲೇಜು ಬದಲಾಯಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್‌ಗೆ ಮಾತ್ರ ಅಂತಹ ನಿಯಮ ಎಂದೂ ಇರಲಿಲ್ಲ. 2021ರಿಂದ ಆ ಕಟ್ಟು ಸಡಿಲವಾಯಿತು. 2021ರ ನವೆಂಬರ್‌ನಲ್ಲಿ ಕೋಚ್ ಲಿಂಕನ್ ರೈಲಿ ಒಕ್ಲಹೋಮಾ ಬಿಟ್ಟು ಲಾಸ್ ಏಂಜಲೀಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯಕ್ಕೆ ಹೋದರು. ಎಲ್‌ಎಸ್‌ಯುಗೆ ಹೋಗುವುದಿಲ್ಲ ಎಂದು ಹೇಳಿದ ಮರುದಿನವೇ! ಮಾತು ಅಕ್ಷರಶಃ ನಿಜ, ಅವರು ಎಲ್‌ಎಸ್‌ಯುಗೆ ಹೋಗಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ) ಕೇಲೆಬ್ ವಿಲಿಯಮ್ಸ್ ಕೂಡ ಹಿಂದೆಯೇ ಹೋಗಿ ಮರುವರ್ಷ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಪಡೆದ. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಇದೆಲ್ಲ ತಾರೆಗಳಿಗೆ ಬಲ ತಂದಿದೆ. ಆದರೆ ಈ ಅಮ್ಮನ ಮಗನಂಥ ಲಾಂಗ್ ಸ್ನ್ಯಾಪರ್‌ಗೆ ಯಾವ ಕಾಲೇಜು ಕಾದು ಕುಳಿತಿರುತ್ತದೆ?

ಜಾಕ್ಸನ್ ನಿವಾಸಿ:

ನಮ್ಮ ಓಲ್ ಮಿಸ್‌ ಕತೆಯ ಉಳಿದ ಭಾಗ ಹೇಳಿಬಿಡುತ್ತೇನೆ. ಟ್ಯುಲೇನ್ ನಂತರ ಶುಗರ್ ಬೌಲ್‌ನಲ್ಲಿ ಜಾರ್ಜಿಯಾವನ್ನು 39–34ರಿಂದ ಸೋಲಿಸಿದೆವು. ಸೆಮಿಫೈನಲ್‌ನಲ್ಲಿ ಮಯಾಮಿಗೆ 31–27ರಿಂದ ಸೋತೆವು. ಆಕ್ರಮಣ ವಿಭಾಗದ ಕೋಚ್ ಚಾರ್ಲಿ ವೀಸ್ ಜೂನಿಯರ್ ಎಲ್‌ಎಸ್‌ಯುಗೆ ಹೋಗುವುದು ನಿಶ್ಚಯವಾಗಿದ್ದರೂ ಪ್ಲೇಆಫ್‌ಗಾಗಿ ಬಂದು ತಂಡದ ಜೊತೆ ಇದ್ದರು. ಹಿಂದಿನ ವರ್ಷ ಎರಡನೆಯ ದರ್ಜೆಯ ಫೆರಿಸ್ ಸ್ಟೇಟ್‌ನಲ್ಲಿ ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಟ್ರಿನಿಡಾಡ್ ಚಾಂಬ್ಲಿಸ್ ಜಾರ್ಜಿಯಾ ವಿರುದ್ಧ ಆಡಿದ ಆಟವನ್ನು ನನ್ನ ಮಗಳು ಇನ್ನೂ ಮೊಬೈಲ್‌ನಲ್ಲಿ ನೋಡುತ್ತಿರುತ್ತಾಳೆ.

ಅಂದು ರಾತ್ರಿ ಮನೆಯಲ್ಲಿ ಎಲ್ಲರೂ ಕುಣಿದೆವು. ಮಗ ಮಾತ್ರ ಕುಣಿತ ನಿಲ್ಲಿಸಿ, 'ಅಪ್ಪ, ಅವರು ಇದನ್ನು ನೋಡುತ್ತಿರಬಹುದೇ?' ಎಂದು ಕೇಳಿದ. ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ.

ಕೊಲಂಬಸ್ ಅವರೇ, ನಿಮ್ಮ ಮಾತಿನಿಂದ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಸಹಿ ಹಾಕುವ ದಿನವನ್ನೂ ಪೋರ್ಟಲ್ ಅವಧಿಯನ್ನೂ ಫೈನಲ್ ಮುಗಿದ ಮೇಲಕ್ಕೆ ತಳ್ಳಿದರೆ ಅರ್ಧ ರೋಗ ವಾಸಿಯಾಗುತ್ತದೆ. ಅದನ್ನು ಮಾಡಬೇಕಾದವರು ಕೋಚ್‌ಗಳಲ್ಲ, ವಿಶ್ವವಿದ್ಯಾಲಯಗಳು. ಉಳಿದ ಅರ್ಧಕ್ಕೆ ಮಾತ್ರ ನಾನು ಕೋಚ್‌ಗಳನ್ನೇ ಹೊಣೆ ಮಾಡುತ್ತೇನೆ.

ಕೊಲಂಬಸ್‌ನಿಂದ:

ಅಷ್ಟಕ್ಕೆ ನನ್ನ ಒಪ್ಪಿಗೆಯೂ ಇದೆ. ಮಾರ್ಗನ್‌ಟೌನ್ ಅವರೇ, ರಾಡ್ರಿಗಸ್ 2024ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾಕ್ಕೆ ಮತ್ತೆ ಮುಖ್ಯ ಕೋಚ್ ಆಗಿ ಬಂದರಲ್ಲ, ನಿಮಗೆ ಹೇಗನಿಸಿತು?

ಮಾರ್ಗನ್‌ಟೌನ್ ಹಳೆಯ ವಿದ್ಯಾರ್ಥಿ:

ಹದಿನೇಳು ವರ್ಷದ ನಂತರ ಆ ಸುದ್ದಿ ಓದಿದಾಗ ಮೊದಲು ನೆನಪಾದದ್ದು ಆ ತಣ್ಣಗಾದ ಅನ್ನ. ಅಂದು ಜೊತೆಗಿದ್ದ ಐವರಲ್ಲಿ ಇಬ್ಬರು ಈಗ ಬೆಂಗಳೂರಿನಲ್ಲಿದ್ದಾರೆ, ಒಬ್ಬ ಸಿಡ್ನಿಯಲ್ಲಿ. ಎಲ್ಲರಿಗೂ ಸಂದೇಶ ಕಳಿಸಿದೆ. ಮೂವರು ಸಂತೋಷ ಎಂದರು, ಒಬ್ಬ ಇನ್ನೂ ಕ್ಷಮಿಸಿಲ್ಲ ಎಂದ. ನಾನು ಕ್ಷಮಿಸಿದ್ದೇನೆ. ಬಿಲ್ ಸ್ಟೂವರ್ಟ್ 2012ರಲ್ಲಿ ತೀರಿಕೊಂಡರು. ಅವರು ಇದ್ದು ಇದನ್ನು ನೋಡಬೇಕಿತ್ತು ಎನಿಸಿತು.

ಡಲ್ಲಾಸ್‌ಗೆ ಹೊಸಬ:

ಅಮ್ಮ, ನಿಮ್ಮ ಮಗ ಈಗಲೂ ಆಡುತ್ತಿದ್ದಾನೆಯೇ? ಆ ಸಹಾಯಕ ಕೋಚ್‌ಗೆ ಕೆಲಸ ಸಿಕ್ಕಿತೇ?

ಆಟಗಾರನ ತಾಯಿ:

ಆಡುತ್ತಿದ್ದಾನೆ. ಹೊಸ ಕೋಚ್ ಬಂದ ಮೊದಲ ದಿನವೇ ಹೋಗಿ ಹೆಸರು ಹೇಳಿದನಂತೆ. ಅವರು ಎರಡು ಸಲ ಕೇಳಿ, ಮೂರನೆಯ ಸಲ ಸರಿಯಾಗಿ ಉಚ್ಚರಿಸಿದರಂತೆ.

ಸಹಾಯಕ ಕೋಚ್‌ಗೆ ಮಾರ್ಚ್‌ನಲ್ಲಿ ಬೇರೆ ರಾಜ್ಯದ ಇನ್ನೂ ಸಣ್ಣ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಮಗು ಹುಟ್ಟಿ ಮೂರು ವಾರಕ್ಕೆ ಮನೆ ಖಾಲಿ ಮಾಡಿದರು. ಮಗ ಮತ್ತು ಅವನ ಗೆಳೆಯರು ಹೋಗಿ ಸಾಮಾನು ಲಾರಿಗೆ ಏರಿಸಿಕೊಟ್ಟರು. ಕಳೆದ ಸೆಪ್ಟೆಂಬರ್‌ನಲ್ಲಿ ಒಂದು ಪಂದ್ಯದಲ್ಲಿ ಮಗನ ಒಂದು ಎಸೆತ ಎತ್ತರಕ್ಕೆ ಹೋಯಿತು. ಒದೆಯುವವನು ಹಾರಿ ಹಿಡಿದ, ಅನಾಹುತವಾಗಲಿಲ್ಲ. ಟಿವಿಯಲ್ಲಿ ಬರುವಂಥ ಪಂದ್ಯವಲ್ಲ ಅದು. ಮರುದಿನ ಬೆಳಿಗ್ಗೆ ಆ ಹಾಳೆಯಲ್ಲಿದ್ದ ನಂಬರಿನಿಂದ ಅವನಿಗೆ ಒಂದು ಸಾಲು ಬಂದಿತ್ತು: 'ಎಡಗೈ ಹೆಬ್ಬೆರಳು ಬೇಗ ಬಿಡುತ್ತಿದ್ದೀಯ.'